ಕಟರ್ ಕೊಳ್ಳುವ ಮೊದಲು ಕೈ ನೋಡಿಕೊಳ್ಳಿ

“ಅಕ್ಕಾ, ಯಾವ ಕಟರ್ ತಗೊಳ್ಳಲಿ?”

ನನ್ನ ಹತ್ತಿರ ಹೊಲಿಗೆ ಕಲಿಯುವವರು ರವಿಕೆ, ಚೂಡಿದಾರ್ ಮುಗಿಸಿ ಕೌದಿಗೆ ಕೈಹಾಕಿದ ಮೇಲೆ ಕೇಳುವ ಮೊದಲ ಪ್ರಶ್ನೆ ಇದು. ಕೇಳುವಾಗಲೇ ಮೊಬೈಲಿನಲ್ಲಿ ಮೂರ್ನಾಲ್ಕು ಚಿತ್ರ ತೆರೆದಿಟ್ಟಿರುತ್ತಾರೆ. ಒಂದು ಹಳದಿ ಹಿಡಿಯದ್ದು, ಒಂದು ಬಾಗಿದ ಹಿಡಿಯದ್ದು, ಇನ್ನೊಂದು ನೋಡಲು ಚೆಂದ ಅನ್ನೋ ಕಾರಣಕ್ಕೆ ಗುಲಾಬಿ ಬಣ್ಣದ್ದು. ನಾನು ಮೊಬೈಲ್ ಆಮೇಲೆ ನೋಡುತ್ತೇನೆ. ಮೊದಲು ಕೈ ತೋರಿಸು ಅನ್ನುತ್ತೇನೆ. ಮನೆಯಲ್ಲಿ ಬಟ್ಟೆ ಎಲ್ಲಿ ಹಾಸಿಕೊಂಡು ಕತ್ತರಿಸ್ತೀಯ, ನೆಲದ ಮೇಲೋ ಮೇಜಿನ ಮೇಲೋ ಅಂತ ಕೇಳುತ್ತೇನೆ. ಈ ಎರಡಕ್ಕೆ ಉತ್ತರ ಸಿಕ್ಕರೆ ಕಟರ್ ಯಾವುದು ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ.

ನಾನು ರಾಮನಗರದಲ್ಲಿ ಹೊಲಿಗೆ ಹೇಳಿಕೊಡುವವಳು. ಅದಕ್ಕೆ ಮೊದಲು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಸೆಕ್ಷನ್ನಿನ ಹೆಲ್ಪರ್ ಆಗಿದ್ದೆ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುವುದು, ಕತ್ತರಿಸಿದ ಮೇಲೆ ನಂಬರ್ ಅಂಟಿಸಿ ಬಂಡಲ್ ಕಟ್ಟುವುದು ನಮ್ಮ ಕೆಲಸ. ಕತ್ತರಿಸುವವರು ಕಟಿಂಗ್ ಮಾಸ್ಟರ್. ಎಡಗೈಗೆ ಉಕ್ಕಿನ ಸಣ್ಣ ಬಳೆಗಳನ್ನು ಹೆಣೆದ ಕೈಗವಸು ಹಾಕಿಕೊಂಡು, ನೆಟ್ಟಗೆ ನಿಂತು, ಮೊಣಕೈ ಮೈಗೆ ತಾಗಿಸಿ, ಮೆಷಿನ್ನನ್ನು ಮುಂದಕ್ಕೆ ತಳ್ಳುತ್ತ ಹೋಗುತ್ತಿದ್ದರು. ಅಷ್ಟು ದಪ್ಪ ಬಟ್ಟೆ ಸೀಳಿದರೂ ಅವರ ಮಣಿಕಟ್ಟು ಬಾಗುತ್ತಿರಲಿಲ್ಲ. ಮನೆಯಲ್ಲಿ ಕೈಯಲ್ಲಿ ಹಿಡಿಯುವ ರೋಟರಿ ಕಟರಿಗೆ ಮೋಟರ್ ಇಲ್ಲ, ನಿಮ್ಮ ಭುಜವೇ ಮೋಟರ್. ನಿಲ್ಲುವ ರೀತಿ, ಮೊಣಕೈ, ಮಣಿಕಟ್ಟು ಮಾತ್ರ ಆ ಮಾಸ್ಟರರದೇ ಆಗಬೇಕು.

ಈ ರೋಟರಿ ಕಟರ್ ನೋಡದವರಿಗಾಗಿ ಹೇಳುತ್ತೇನೆ. ಒಂದು ಹಿಡಿ, ಅದರ ತುದಿಯಲ್ಲಿ ತಿರುಗುವ ದುಂಡನೆಯ ಬ್ಲೇಡು. ಬಟ್ಟೆಯ ಮೇಲೆ ದಪ್ಪ ಅಕ್ರಿಲಿಕ್ ಸ್ಕೇಲ್ ಇಟ್ಟು, ಅದರ ಅಂಚಿಗೆ ಬ್ಲೇಡು ತಾಗಿಸಿ ಉರುಳಿಸಿದರೆ ಬಟ್ಟೆ ನೇರ ತುಂಡಾಗುತ್ತದೆ. ಕೆಳಗೆ ಅದಕ್ಕೆಂದೇ ಮಾಡಿದ ಹಸಿರು ಮ್ಯಾಟ್ ಬೇಕು. ಬ್ಲೇಡು ಕೊರೆದ ಗೆರೆ ಅದರಲ್ಲಿ ತಾನೇ ಕೂಡಿಕೊಳ್ಳುತ್ತದೆ. ಜಪಾನಿನ ಒಸಾಕಾದ ಒಲ್ಫಾ ಕಂಪನಿ 1979ರಲ್ಲಿ ಇದನ್ನು ಮೊದಲು ತಂದಿತು. ಸವೆದ ತುದಿಯನ್ನು ಮುರಿದು ಹೊಸ ತುದಿಯಲ್ಲಿ ಕೊಯ್ಯುವ ಪೇಪರ್ ಕಟರ್ ನಮ್ಮ ಸ್ಟೇಷನರಿ ಅಂಗಡಿಗಳಲ್ಲೆಲ್ಲ ಇದೆಯಲ್ಲ, 1956ರಲ್ಲಿ ಅದನ್ನು ಕಂಡುಹಿಡಿದವರೂ ಈ ಕಂಪನಿ ಕಟ್ಟಿದವರೇ. ರಟ್ಟಿನ ಅಚ್ಚು ಇಟ್ಟು, ಪೆನ್ಸಿಲಲ್ಲಿ ಗೆರೆ ಎಳೆದು, ಒಂದೊಂದೇ ತುಂಡನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದ ಅಮೆರಿಕದ ಕೌದಿಯವರು ಈ ಚಕ್ರ ಕೈಗೆ ಬಂದ ಮೇಲೆ ಕೆಲಸದ ಕ್ರಮವನ್ನೇ ಬದಲಿಸಿಕೊಂಡರು. ಮೊದಲು ಉದ್ದ ಪಟ್ಟಿ, ಆಮೇಲೆ ಪಟ್ಟಿಗಳನ್ನು ಪೇರಿಸಿ ಚೌಕ.

ಲೆಕ್ಕ ಹಾಕಿದರೆ ಯಾಕೆ ಅಂತ ತಿಳಿಯುತ್ತದೆ. ಮಗುವಿಗೆ 36 ಇಂಚು ಅಗಲ, 44 ಇಂಚು ಉದ್ದದ ಕೌದಿ ಅನ್ನಿ. ಹೊಲಿದ ಮೇಲೆ 4 ಇಂಚು ಉಳಿಯುವ ಚೌಕಗಳಾದರೆ 99 ಬೇಕು. ಸುತ್ತ ಕಾಲು ಇಂಚು ಹೊಲಿಗೆಗೆ ಬಿಟ್ಟು ನಾಲ್ಕೂವರೆ ಇಂಚಿಗೆ ಕತ್ತರಿಸಬೇಕು. ಒಂದೊಂದಾಗಿ ಕತ್ತರಿಯಲ್ಲಿ ಮಾಡಿದರೆ 396 ಅಂಚು. 44 ಇಂಚು ಪನ್ನದ ಬಟ್ಟೆ, ಎರಡು ಬಣ್ಣ ಸೇರಿ ಒಂದೂವರೆ ಮೀಟರ್ ತಂದರೆ ನಾಲ್ಕೂವರೆ ಇಂಚಿನ 11 ಪಟ್ಟಿ ಬರುತ್ತದೆ, ಒಂದೊಂದು ಪಟ್ಟಿಗೆ 9 ಚೌಕ. ಪಟ್ಟಿಗಳನ್ನು ನಾಲ್ಕು ನಾಲ್ಕು ಪೇರಿಸಿ ಕೊಯ್ದರೆ ಎಲ್ಲ ಸೇರಿ ಐವತ್ತು ಗೆರೆಯ ಒಳಗೇ ಮುಗಿಯುತ್ತದೆ. ಇನ್ನೊಂದು ಅನುಕೂಲ ನಮ್ಮ ಊರಿನವರಿಗೇ ಹೆಚ್ಚು. ಕತ್ತರಿ ಆಡಿಸುವಾಗ ಕೆಳಗಿನ ಅಲಗು ಬಟ್ಟೆಯನ್ನು ಮೇಲೆತ್ತುತ್ತದೆ. ರೇಷ್ಮೆಯಾದರೆ ಅಷ್ಟಕ್ಕೇ ಜಾರಿ ಎಳೆ ಓರೆಯಾಗುತ್ತದೆ. ಚಕ್ರಕ್ಕೆ ಬಟ್ಟೆ ಎತ್ತುವ ಕೆಲಸವೇ ಇಲ್ಲ. ರವಿಕೆ ಹೊಲಿದು ಉಳಿದ ರೇಷ್ಮೆ ತುಂಡುಗಳು ಇಲ್ಲಿ ಪ್ರತಿ ಟೈಲರ್ ಅಂಗಡಿಯಲ್ಲೂ ಚೀಲಗಟ್ಟಲೆ ಬಿದ್ದಿರುತ್ತವೆ. ಜರಿ ಅಂಚನ್ನು ಮಾತ್ರ ಬೇರೆ ಮಾಡಿ, ಅದನ್ನು ಕತ್ತರಿಗೆ ಕೊಡಿ. ಜರಿಯ ಮೇಲೆ ಓಡಿಸಿದ ಬ್ಲೇಡು ಬೇಗ ಮೊಂಡಾಗುತ್ತದೆ.

ಹಾಗಂತ ಕೌದಿ ಹೊಲಿಯುವವರೆಲ್ಲ ಇದನ್ನು ಕೊಳ್ಳಲೇಬೇಕು ಎಂದಲ್ಲ. ಹಳೇ ಸೀರೆ ಹರಿದು ಬೊಂತೆ ಹೊಲಿಯುವ ನಮ್ಮ ಅಜ್ಜಿಯರಿಗೆ ಸ್ಕೇಲೂ ಬೇಡ, ಚಕ್ರವೂ ಬೇಡ. ಹಲ್ಲಲ್ಲಿ ಕಚ್ಚಿ ಒಂದು ಎಳೆ ಬಿಡಿಸಿ ಹರಿದರೆ ಬಟ್ಟೆ ತನ್ನ ಎಳೆಗೇ ನೇರವಾಗಿ ಸೀಳುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿ ನೋಡಿ. ಅಂಚಿನಿಂದ ಹೊಲಿಗೆ ಶುರುಮಾಡಿ, ಕೈಗೆ ಸಿಕ್ಕ ತುಂಡನ್ನು ಸಿಕ್ಕ ಅಳತೆಯಲ್ಲಿ ಇಡುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ‘ಫೂಲ’ ಇಡದೆ ಮುಗಿಸುವುದಿಲ್ಲ. ಅದರ ಸೊಗಸು ಇರುವುದೇ ಅಳತೆ ತಪ್ಪಿದಲ್ಲಿ. ಕಟರ್ ಬೇಕಾಗುವುದು ಚೌಕಕ್ಕೆ ಚೌಕ, ಮೂಲೆಗೆ ಮೂಲೆ ಕೂಡಬೇಕಾದ ಕೆಲಸಕ್ಕೆ. ಅಂಥದ್ದನ್ನು ಮಾರಲಿಕ್ಕೆಂದು ಹೊಲಿಯುವವರು ದಿನಕ್ಕೆ ಗಂಟೆಗಟ್ಟಲೆ ಕತ್ತರಿಸುತ್ತಾರೆ, ನೋವು ಬರುವುದೂ ಅವರಿಗೇ.

ಈಗ ಕೈಗೆ ಬರೋಣ.

ನನ್ನ ಹತ್ತಿರ ಬರುವವರಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯೂನಿಟ್‌ನಲ್ಲಿ ದುಡಿಯುವ ಹೆಂಗಸರಿದ್ದಾರೆ. ಏಷ್ಯಾದಲ್ಲೇ ದೊಡ್ಡದು ಅನ್ನಿಸಿಕೊಂಡ ನಮ್ಮ ಗೂಡಿನ ಮಾರ್ಕೆಟ್ಟಿನಿಂದ ಹೊರಟ ಗೂಡು ಅವರ ಮುಂದಿನ ಬಿಸಿನೀರಿಗೆ ಬೀಳುತ್ತದೆ. ಬೆಂದ ಗೂಡಿನ ಎಳೆಯ ತುದಿ ಹಿಡಿದು ಬಿಚ್ಚಲು ಬೆರಳು ಇಡೀ ದಿನ ಆ ನೀರಿನಲ್ಲೇ ಇರಬೇಕು. ಅಂಥ ಕೈ ಹತ್ತಿರದಿಂದ ನೋಡಿದವರಿಗೆ ಗೊತ್ತು: ಬೆರಳ ತುದಿಯ ಚರ್ಮ ಬೆಳ್ಳಗೆ ಉಬ್ಬಿ, ಗೆರೆಗಳು ಅಳಿಸಿಹೋಗಿ, ಉಗುರಿನ ಪಕ್ಕ ಸೀಳಿರುತ್ತದೆ. ನುಣ್ಣನೆಯ ಪ್ಲಾಸ್ಟಿಕ್ ಹಿಡಿ ಅವರ ಕೈಯಲ್ಲಿ ಜಾರುತ್ತದೆ. ಜಾರಿದರೆ ಬಿಗಿ ಹಿಡಿಯುತ್ತಾರೆ, ಬಿಗಿ ಹಿಡಿದರೆ ಸೀಳಿದಲ್ಲಿ ಉರಿ. ಇವರಿಗೆ ನಾನು ಹೇಳುವುದು ಮೆತ್ತನೆ ರಬ್ಬರ್ ಹೊದಿಸಿದ ದಪ್ಪ ಹಿಡಿ. ಹೆಬ್ಬೆರಳ ತುದಿ ತೋರುಬೆರಳ ತುದಿಯನ್ನು ಸುಮ್ಮನೆ ಮುಟ್ಟುವಷ್ಟು ದಪ್ಪ ಇರಲಿ. ಬೆರಳು ಒಂದರ ಮೇಲೊಂದು ಬಂದರೆ ಹಿಡಿ ಸಣ್ಣದು, ನಡುವೆ ತೆರಪು ಬಿದ್ದರೆ ದೊಡ್ಡದು. ಉದ್ದ ನಾಲ್ಕು ಇಂಚಿಗೆ ಕಡಿಮೆ ಬೇಡ. ಗಿಡ್ಡ ಹಿಡಿಯ ಬುಡ ಅಂಗೈಯ ನಡುವೆ ಚುಚ್ಚಿ ನಿಲ್ಲುತ್ತದೆ. ಬೆರಳಿಗೆ ಹೋಗುವ ನರಗಳೂ ಅಲ್ಲೇ ಹಾದುಹೋಗುವುದರಿಂದ ದಿನವೂ ಅಲ್ಲಿ ಒತ್ತಿದರೆ ಬೆರಳು ಜುಮ್ಮೆನ್ನಲು ಶುರುವಾಗುತ್ತದೆ.

ಚನ್ನಪಟ್ಟಣದ ಕಡೆಯಿಂದ ಬರುವ ಒಬ್ಬಾಕೆ ಗೊಂಬೆ ಕೆಲಸದವಳು, ಲೇತ್ ಮೇಲೆ ಆಲೆ ಮರ ಕಡೆದು, ಅರಗು ಹಿಡಿದು ಬಣ್ಣ ಹಾಕುವವಳು. ಆಕೆಗೆ ನಾನು ಹಿಡಿತ ಹೇಳಿಕೊಡಬೇಕಾಗಲೇ ಇಲ್ಲ. ಉಳಿಯನ್ನು ಹೇಗೆ ಮೊಣಕೈ ಮೈಗೆ ಒತ್ತಿ, ತೋಳನ್ನೆಲ್ಲ ಒಟ್ಟಾಗಿ ಸರಿಸುತ್ತಾಳೋ ಕಟರನ್ನೂ ಹಾಗೇ ಸರಿಸಿದಳು. ಅಂಗಡಿಯ ಹಿಡಿ ಅವಳಿಗೆ ತೆಳ್ಳಗೆ ಅನ್ನಿಸಿತಂತೆ. ಅದಕ್ಕೆ ಉಳಿದ ಮರದ ತುಂಡಿನಲ್ಲಿ ಒಂದು ಕವಚ ಕಡೆದು, ಎರಡು ಸೀಳಾಗಿ ಮಾಡಿ ಹಿಡಿಗೆ ಕೂಡಿಸಿ ಸುತ್ತಿಬಿಟ್ಟಿದ್ದಾಳೆ. ಎಲ್ಲರ ಮನೆಯಲ್ಲೂ ಲೇತ್ ಇರುವುದಿಲ್ಲ, ನಿಜ. ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ ಕತ್ತರಿಸಿ ತೂರಿಸಿದರೂ, ಕ್ರಿಕೆಟ್ ಬ್ಯಾಟಿನ ಗ್ರಿಪ್ ಸುತ್ತಿದರೂ ನಡೆಯುತ್ತದೆ. ಸಾವಿರ ಕೊಟ್ಟು ತಂದ ಕಟರ್ ಕೈಗೆ ಒಗ್ಗಲಿಲ್ಲ ಅಂತ ಮೂಲೆಗಿಡುವುದಕ್ಕಿಂತ ಇದು ಮೇಲು. ಬ್ಲೇಡಿನ ಮುಚ್ಚಳ ಸರಿಯಲು ಜಾಗ ಬಿಡಬೇಕು, ಅಷ್ಟೇ.

ಕನಕಪುರ, ಮಾಗಡಿ ಕಡೆ ರೇಷ್ಮೆ ಹುಳು ಸಾಕುವ ಮನೆಯವರ ಅಭ್ಯಾಸ ಬೇರೆ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, ಎಳೇ ಸೊಪ್ಪನ್ನು ಸಣ್ಣಗೆ ಕೊಚ್ಚಿ ಕೊಚ್ಚಿ ಅವರ ಮಣಿಕಟ್ಟು ಮೇಲಿನಿಂದ ಒತ್ತುವುದಕ್ಕೆ ಒಗ್ಗಿಹೋಗಿದೆ. ಕಟರ್ ಕೊಟ್ಟರೆ ಅದನ್ನೂ ಸೊಪ್ಪು ಕೊಚ್ಚುವ ಕತ್ತಿಯ ಹಾಗೆ ಒತ್ತುತ್ತಾರೆ. ಅವರಿಗೆ ನಾನು ಈಳಿಗೆಮಣೆ ನೆನಪಿಸುತ್ತೇನೆ. ಅಲ್ಲಿ ಅಲಗು ಅಲುಗುವುದಿಲ್ಲ, ಬದನೆಕಾಯಿ ಹಿಡಿದ ಕೈ ನೇರವಾಗಿ ಹೋಗುತ್ತದೆ, ಮಣಿಕಟ್ಟು ಮುರಿಯುವುದಿಲ್ಲ. ಇಲ್ಲೂ ಹಾಗೇ ತೋಳು ಹೋಗಲಿ, ಮಣಿಕಟ್ಟು ಸುಮ್ಮನೆ ಜೊತೆಗಿರಲಿ. ಹಿಡಿಯ ಬೆನ್ನ ಮೇಲೆ ತೋರುಬೆರಳು ಇಡಲು ಗೀರು ಹಾಕಿದ ಜಾಗವಿದ್ದರೆ ಇಂಥವರಿಗೆ ಒಳ್ಳೆಯದು. ಬೆರಳು ದಾರಿ ತೋರಿಸುತ್ತದೆ, ಒತ್ತಡ ಭುಜದಿಂದ ಬರುತ್ತದೆ.

ಎಡಗೈಯವರ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅಂಗಡಿಯವರು ಹೇಳುವುದೇ ಇಲ್ಲ. ಬಲಗೈಯವರು ಸ್ಕೇಲನ್ನು ಎಡಗೈಯಲ್ಲಿ ಒತ್ತಿ ಹಿಡಿದು ಅದರ ಬಲ ಅಂಚಿನಲ್ಲಿ ಕೊಯ್ಯುತ್ತಾರೆ. ಬ್ಲೇಡು ಸ್ಕೇಲಿನ ಕಡೆಗಿದ್ದರೆ ಕಟರ್ ನೆಟ್ಟಗೆ ನಿಲ್ಲುತ್ತದೆ. ಅದೇ ಕಟರನ್ನು ಎಡಗೈಗೆ ಕೊಟ್ಟರೆ ಬ್ಲೇಡು ಹೊರಗಡೆಗೆ ಬರುತ್ತದೆ, ನಡುವೆ ಹಿಡಿಯ ದಪ್ಪ ಅಡ್ಡ. ಆಗ ಬ್ಲೇಡನ್ನು ಸ್ಕೇಲಿಗೆ ತಾಗಿಸಲು ಮಣಿಕಟ್ಟು ತಿರುಚಬೇಕು. ಕನಕಪುರದ ಹುಡುಗಿಯೊಬ್ಬಳು ಹೀಗೇ ತಿರುಚಿಕೊಂಡು ಕತ್ತರಿಸುತ್ತಿದ್ದಳು, ನೋವು ತನ್ನ ಎಡಗೈಯ ತಪ್ಪು ಅಂದುಕೊಂಡು. ನೇರ ಹಿಡಿಯ ಎಷ್ಟೋ ಕಟರುಗಳಲ್ಲಿ ಹಿಂದಿನ ತಿರುಪು ಬಿಚ್ಚಿ ಬ್ಲೇಡನ್ನು ಆಚೆ ಬದಿಗೆ ಹಾಕಿಕೊಳ್ಳಬಹುದು. ಐದು ನಿಮಿಷದ ಕೆಲಸ. ಬಾಗಿದ ಹಿಡಿಯ ಕೆಲವು ಮಾದರಿಗಳಲ್ಲಿ ಹೀಗೆ ಬದಲಿಸಲು ಆಗುವುದಿಲ್ಲ, ಎಡಗೈಯದೇ ಬೇರೆ ಬರುತ್ತದೆ. ಆನ್‌ಲೈನಿನಲ್ಲಿ ತರಿಸುವವರು ಅದನ್ನು ಓದಿಯೇ ದುಡ್ಡು ಕಟ್ಟಿ.

ಇನ್ನು ಎಲ್ಲರೂ ಕೇಳುವ ದೊಡ್ಡ ಪ್ರಶ್ನೆ: ನೇರ ಹಿಡಿಯದೋ, ಹಿಡಿ ಹಿಸುಕಿದರೆ ಮಾತ್ರ ಬ್ಲೇಡು ಹೊರಬರುವಂಥದೋ? ಎರಡನೆಯದರಲ್ಲಿ ಕೈ ಸಡಿಲಿಸಿದ ಕೂಡಲೇ ಬ್ಲೇಡು ತಾನೇ ಒಳಗೆ ಹೋಗುತ್ತದೆ. ಇದನ್ನು ಎಲ್ಲರೂ ಸುರಕ್ಷಿತ ಅಂತ ಹೊಗಳುತ್ತಾರೆ, ಹೌದು ಕೂಡ. ಆದರೆ ಬ್ಲೇಡು ಹೊರಗಿರುವಷ್ಟು ಹೊತ್ತೂ ಸ್ಪ್ರಿಂಗಿನ ವಿರುದ್ಧ ಹಿಸುಕುತ್ತಲೇ ಇರಬೇಕು. ಗಂಟು ನೋವು ಇರುವ ವಯಸ್ಸಾದವರಿಗೆ, ಹೆಬ್ಬೆರಳ ಬುಡ ಆಗಲೇ ನೋಯುವವರಿಗೆ ಅದು ದಿನವಿಡೀ ಮಾಡುವ ಕೆಲಸವಲ್ಲ. ಕೆಲವದರಲ್ಲಿ ಹಿಸುಕಿದ್ದನ್ನು ಹಾಗೇ ನಿಲ್ಲಿಸುವ ಗುಂಡಿ ಇರುತ್ತದೆ, ಸಿಕ್ಕರೆ ಅಂಥದ್ದು ತೆಗೆದುಕೊಳ್ಳಿ. ನೇರ ಹಿಡಿಯದರಲ್ಲಿ ಹಿಸುಕುವ ಕಾಟ ಇಲ್ಲ, ಪ್ರತಿ ಗೆರೆಯ ಕೊನೆಗೂ ಮುಚ್ಚಳವನ್ನು ನೀವೇ ಸರಿಸಬೇಕು. ಹೊರದೇಶದವರು ಬರೆಯುವುದರಲ್ಲಿ ಬೆರಳು ಕೊಯ್ದುಕೊಳ್ಳುವ ಭಯವೇ ಹೆಚ್ಚು. ನನಗೆ ಭಯ ಪಾದದ್ದು. ನಾವು ಮನೆಯೊಳಗೆ ಬರಿಗಾಲಲ್ಲಿ ಇರುವವರು. ಮೇಜಿನಂಚಿನಿಂದ ತೆರೆದ ಬ್ಲೇಡಿನ ಕಟರ್ ಉರುಳಿದರೆ ಬೀಳುವುದು ಬರಿಗಾಲ ಮೇಲೆ. ಅದಕ್ಕೇ ಸಣ್ಣ ಮಕ್ಕಳು ಓಡಾಡುವ ಮನೆಗೆ ಹಿಸುಕುವಂಥದು, ಮಕ್ಕಳಿಲ್ಲದ, ಗಂಟೆಗಟ್ಟಲೆ ಕತ್ತರಿಸುವ ಕೆಲಸದ ಜಾಗಕ್ಕೆ ನೇರ ಹಿಡಿ. ಇದು ನನ್ನ ತೀರ್ಮಾನ, ಒಪ್ಪದವರೂ ಇದ್ದಾರೆ.

ಬ್ಲೇಡಿನ ಅಳತೆಗೆ ಇಷ್ಟು ಯೋಚಿಸಬೇಕಿಲ್ಲ. 18, 28, 45, 60 ಮಿಲಿಮೀಟರಿನವು ಸಿಗುತ್ತವೆ. ಮೊದಲ ಸಲ ಕೊಳ್ಳುವವರಿಗೆ 45. ಹತ್ತಿ ಬಟ್ಟೆಯ ನಾಲ್ಕು ಪದರ ಸಲೀಸಾಗಿ ಕೊಯ್ಯುತ್ತದೆ, ಬ್ಲೇಡೂ ಸುಲಭವಾಗಿ ಸಿಗುತ್ತದೆ. ಒಳಗೆ ಹತ್ತಿ ಇಟ್ಟು ಹೊಲಿದ ದಪ್ಪ ಕೌದಿಯ ಅಂಚು ಒಪ್ಪ ಮಾಡಲು 60 ಚೆನ್ನ, ದೊಡ್ಡ ಚಕ್ರ ದಪ್ಪದ ಮೇಲೆ ಹತ್ತಿ ಹೋಗುತ್ತದೆ. ತೂಕ ಮಾತ್ರ ಹೆಚ್ಚು. ಹೂವು, ಎಲೆ, ಬಳುಕು ಗೆರೆಗೆ 28.

ಕೈ ನೋವು ಅಂದು ಬಂದವರಲ್ಲಿ ಹೆಚ್ಚಿನವರಿಗೆ ಹೊಸ ಕಟರ್ ಬೇಕಾಗಿರುವುದಿಲ್ಲ, ಹೊಸ ಬ್ಲೇಡು ಬೇಕಾಗಿರುತ್ತದೆ. ಮೊಂಡು ಬ್ಲೇಡಿಗೆ ಒತ್ತಡ ಹೆಚ್ಚು ಬೇಕು, ಆ ಒತ್ತಡವೇ ಹೆಬ್ಬೆರಳಿಗೆ ಬಂದು ನಿಲ್ಲುತ್ತದೆ. ಕೊಯ್ದ ಗೆರೆಯನ್ನು ನೋಡಿದರೆ ಬ್ಲೇಡಿನ ಕತೆ ತಿಳಿಯುತ್ತದೆ. ಉದ್ದಕ್ಕೂ ಅಲ್ಲಲ್ಲಿ ಎಳೆ ಉಳಿದರೆ ಬ್ಲೇಡು ಮೊಂಡಾಗಿದೆ. ಒಂದೇ ಅಂತರದಲ್ಲಿ, 45ರ ಬ್ಲೇಡಿನಲ್ಲಿ ಸುಮಾರು ಐದೂವರೆ ಇಂಚಿಗೊಂದು ಸಲ, ಎಳೆ ಉಳಿದರೆ ಬ್ಲೇಡಿನ ಒಂದೇ ಜಾಗದಲ್ಲಿ ಮುಕ್ಕಾಗಿದೆ. ಚಕ್ರದ ಸುತ್ತಳತೆ ಅಷ್ಟೇ ತಾನೆ, ಒಂದು ಸುತ್ತಿಗೆ ಒಂದು ಸಲ ಆ ಮುಕ್ಕು ಬಟ್ಟೆಗೆ ಬರುತ್ತದೆ. ಗುಂಡುಸೂಜಿಯ ಮೇಲೆ ಹರಿಸಿದ್ದೀರಿ ಅಂತ ಅರ್ಥ. 28ರದ್ದಾದರೆ ಆ ಅಂತರ ಮೂರೂವರೆ ಇಂಚು.

ಬ್ಲೇಡು ಹೊಸದಿದ್ದೂ ಭಾರ ಅನ್ನಿಸಿದರೆ ಹಿಂದಿನ ತಿರುಪು ನೋಡಿ. ಅದನ್ನು ಪೂರ್ತಿ ಬಿಗಿದರೆ ಚಕ್ರ ಉರುಳದೆ ಬಟ್ಟೆಯ ಮೇಲೆ ಜಗ್ಗುತ್ತದೆ. ಬಟ್ಟೆಯ ಮೇಲೆ ತಾನಾಗಿ ತಿರುಗುವಷ್ಟು, ಅಲುಗಾಡದಷ್ಟು ಬಿಗಿ ಸಾಕು. ಬ್ಲೇಡಿನ ಹಿಂದೆ ನೂಲಿನ ಜುಂಗು ಸೇರಿಕೊಂಡಿರುತ್ತದೆ. ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟು, ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೇ ಹನಿ ಬಿಟ್ಟು ಮತ್ತೆ ಜೋಡಿಸಿ.

ಮೇಜಿನ ಎತ್ತರಕ್ಕೆ ನಾನು ಕಟರಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ನೆಟ್ಟಗೆ ನಿಂತು ಮೊಣಕೈ ಮಡಚಿ. ಮೊಣಕೈಯಿಂದ ಮೂರು ನಾಲ್ಕು ಇಂಚು ಕೆಳಗೆ ಮೇಜು ಬರಬೇಕು. ಐದಡಿಯ ಹೆಂಗಸಿಗೆ ಅದು ಹೆಚ್ಚುಕಡಿಮೆ 33 ಇಂಚು. ಊಟದ ಮೇಜು ಸಾಮಾನ್ಯವಾಗಿ 30 ಇಂಚು, ಅದರ ಮೇಲೆ ಬಗ್ಗಿ ಕತ್ತರಿಸಿದವರಿಗೆ ಸಂಜೆ ಸೊಂಟ ನೆನಪಾಗುತ್ತದೆ. ಅಡುಗೆಮನೆಯ ಕಟ್ಟೆ ಬಹಳ ಮನೆಗಳಲ್ಲಿ ಸರಿಯಾದ ಎತ್ತರಕ್ಕೇ ಇರುತ್ತದೆ. ಒಲೆ ಆರಿಸಿ, ಒರೆಸಿ, ಮ್ಯಾಟ್ ಹಾಸಿ ಕತ್ತರಿಸಿ. ಬಿಸಿ ಪಾತ್ರೆಯನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಮ್ಯಾಟ್ ಮೇಲೆ ಇಟ್ಟರೆ, ಬಿಸಿಲಿಗೆ ಬಿಟ್ಟರೆ ಅದು ಸೊಟ್ಟಗಾಗುತ್ತದೆ, ಮತ್ತೆ ನೇರವಾಗುವುದಿಲ್ಲ. ನೆಲವೇ ಗತಿ ಅನ್ನುವವರು ಒಂದು ಮಣೆಯ ಮೇಲೆ ಕೂತು, ಒಂದಡಿಯ ಸ್ಕೇಲಿನಲ್ಲಿ ಗಿಡ್ಡ ಪಟ್ಟಿಗಳನ್ನು ಮಾತ್ರ ಕೊಯ್ದು, ಬಟ್ಟೆ ತಿರುಗಿಸುವ ಬದಲು ಮ್ಯಾಟನ್ನೇ ತಿರುಗಿಸಿಕೊಳ್ಳಿ. ಕೂತ ಜಾಗದಿಂದ ಕೈಚಾಚಿ ಎರಡಡಿ ಗೆರೆ ಎಳೆಯಲು ಹೋದರೆ ಯಾವ ಹಿಡಿಯೂ ನಿಮ್ಮ ಭುಜವನ್ನು ಉಳಿಸುವುದಿಲ್ಲ.

ಕೊಯ್ಯುವುದು ಯಾವಾಗಲೂ ಮೈಯಿಂದ ಆಚೆಗೆ. ಸ್ಕೇಲ್ ಹಿಡಿದ ಕೈಯ ಬೆರಳು ಅಂಚಿನಿಂದ ಹಿಂದೆ ಹರಡಿರಲಿ, ಕಿರುಬೆರಳು ಮಾತ್ರ ಸ್ಕೇಲಿನ ಆಚೆ ಬದಿಗೆ, ಬ್ಲೇಡು ಬಾರದ ಕಡೆ, ಮ್ಯಾಟ್ ಮೇಲೆ ಊರಿದರೆ ಸ್ಕೇಲ್ ಜರುಗುವುದಿಲ್ಲ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುವುದು, ಹೆಬ್ಬೆರಳ ಬುಡದಲ್ಲಿ ಲೋಟ ಎತ್ತಿದರೂ ನೋವು, ಇಂಥವಕ್ಕೆ ಕಟರ್ ಬದಲಿಸುತ್ತ ಕೂರಬೇಡಿ. ಡಾಕ್ಟರಿಗೆ ತೋರಿಸಿ.

ಬೆಂಗಳೂರಿನ ಚಿಕ್ಕಪೇಟೆಗೆ ಹೋದಾಗ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ, ಕೈಯಲ್ಲಿ ಹಿಡಿದು ನೋಡಿ ತನ್ನಿ. ಮುಚ್ಚಿದ ಕಟರನ್ನೇ ಅಂಗಡಿಯ ಕೌಂಟರಿನ ಮೇಲೆ ಹತ್ತಿಪ್ಪತ್ತು ಸಲ ಉದ್ದಕ್ಕೆ ಸರಿಸಿ ನೋಡಲು ನಾಚಿಕೆ ಬೇಡ, ದುಡ್ಡು ಕೊಡುವವರು ನೀವು. ಆ ಕಟರಿಗೆ ಹೊಂದುವ ಬ್ಲೇಡು ಬಿಡಿಯಾಗಿ ಸಿಗುತ್ತದೆಯೇ ಅಂತ ಅಲ್ಲೇ ಕೇಳಿ. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ಬಟ್ಟೆಗೆ ಮೊಂಡಾದ ಬ್ಲೇಡನ್ನು ಪೇಪರಿನಲ್ಲಿ ರವಿಕೆಯ ಅಚ್ಚು ಕತ್ತರಿಸಲು ಇಟ್ಟುಕೊಳ್ಳಬಹುದು, ಅದಕ್ಕೂ ಬಾರದಾದಾಗ ಎರಡು ಕಡೆ ದಪ್ಪ ಟೇಪು ಸುತ್ತಿ ಹಳೇ ತಗಡಿನ ಡಬ್ಬಿಗೆ ಹಾಕಿ. ಡಬ್ಬಿ ತುಂಬಿದ ಮೇಲೆ ಮುಚ್ಚಳ ಬಿಗಿದು, ಮೇಲೆ ‘ಬ್ಲೇಡು’ ಅಂತ ದಪ್ಪಗೆ ಬರೆದು, ಕಸದ ಗಾಡಿಯವರ ಕೈಗೆ ಬೇರೆಯಾಗಿ, ಹೇಳಿಯೇ ಕೊಡಿ.